ವಾಹನಕ್ಕೆ ಗಾಳಿಚೀಲ: ಎತ್ತುವುದು ಬೇರೆ, ಹೊರುವುದು ಬೇರೆ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಬೆಳೆ, ದನಕರು, ಮನೆಮಂದಿಯ ಆರೋಗ್ಯ ಇವುಗಳ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ವಾಹನದ ವಿಷಯ ತೆಗೆದುಕೊಂಡಿದ್ದೇವೆ. ಕಾರಣವಿದೆ. ಪಿಕಪ್ ಇಟ್ಟುಕೊಂಡಿರುವ ನಮ್ಮ ಹಲವು ಕುಟುಂಬಗಳಿಂದ ಈಚೆಗೆ ಒಂದೇ ಪ್ರಶ್ನೆ ಬರುತ್ತಿದೆ: “ಹಿಂದಿನ ಆಕ್ಸಿಲಿಗೆ ಏರ್ ಬ್ಯಾಗ್ ಹಾಕಿಸಿದರೆ ಇನ್ನೂ ಹತ್ತು ಮೂಟೆ ಜಾಸ್ತಿ ಹಾಕಬಹುದಂತೆ, ಹೌದಾ?”

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಇಲ್ಲ, ಒಂದು ಮೂಟೆಯೂ ಜಾಸ್ತಿ ಹಾಕುವಂತಿಲ್ಲ. ಹಾಗೆಂದು ಗಾಳಿಚೀಲ ಕೆಲಸಕ್ಕೆ ಬಾರದ ವಸ್ತುವೂ ಅಲ್ಲ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ತಾಳವಾಡಿ ಸೀಮೆಯವರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಚಾಮರಾಜನಗರದ ಕಡೆಗೆ ಸರಕು ಹೊರಟರೆ ಅಷ್ಟು ಚಿಂತೆಯಿಲ್ಲ, ರಸ್ತೆ ಬಹುಮಟ್ಟಿಗೆ ಸಮತಟ್ಟು. ಆದರೆ ಕೋಸು, ಆಲೂಗಡ್ಡೆ, ಬಾಳೆ, ಟೊಮೆಟೊ ಸತ್ಯಮಂಗಲಕ್ಕೋ ಮೆಟ್ಟುಪಾಳ್ಯಕ್ಕೋ ಹೋಗಬೇಕಾದರೆ ಹಾಸನೂರು ದಾಟಿ ದಿಂಬಂ ಘಾಟಿ ಇಳಿಯಲೇಬೇಕು. 27 ಹೇರ್‌ಪಿನ್ ತಿರುವು. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗಿನಿಂದ, ಎರಡು ಟ್ರಿಪ್ಪಿನ ಸರಕನ್ನು ಹಗಲಿನ ಒಂದೇ ಟ್ರಿಪ್ಪಿಗೆ ತುಂಬಿಬಿಡುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಹಿಂಬದಿ ನೆಲಕ್ಕೆ ಕುಳಿತ ಗಾಡಿ ನೋಡಿ ಡ್ರೈವರಿಗೆ ಹೆದರಿಕೆಯಾಗುತ್ತದೆ. ಗ್ಯಾರೇಜಿನವರು ಚೀಲ ಹಾಕಿಸಿ ಎನ್ನುತ್ತಾರೆ. ಗಾಡಿ ಎದ್ದು ನೆಟ್ಟಗೆ ನಿಲ್ಲುತ್ತದೆ, ಹೆದರಿಕೆ ಹೋಗುತ್ತದೆ. ಭಾರ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ.

ಗಾಳಿಚೀಲ ಎಂದರೇನು?

ಏರ್ ಬ್ಯಾಗ್ ಎಂದ ಕೂಡಲೇ ಕೆಲವರು ಅಪಘಾತವಾದಾಗ ಕಾರಿನ ಸ್ಟೇರಿಂಗಿನಿಂದ ಹೊರಕ್ಕೆ ಚಿಮ್ಮುವ ಚೀಲ ಎಂದುಕೊಳ್ಳುತ್ತಾರೆ. ಅದು ಬೇರೆ. ನಾವು ಹೇಳುತ್ತಿರುವುದು ಚಾಸಿಗೂ ಹಿಂದಿನ ಆಕ್ಸಿಲಿಗೂ ನಡುವೆ, ಎಡಕ್ಕೊಂದು ಬಲಕ್ಕೊಂದು ಕೂರಿಸುವ ದಪ್ಪ ರಬ್ಬರಿನ ಚೀಲ. ಒಳಗೆ ನೂಲಿನ ಪದರ ಇರುವುದರಿಂದ ಟೈರಿನಂತೆ ಗಟ್ಟಿ. ಗಾಳಿ ತುಂಬಿದಷ್ಟೂ ಚಾಸಿಯನ್ನು ಮೇಲಕ್ಕೆ ನೂಕುತ್ತದೆ.

ಗಾಳಿಯ ಮೇಲೆ ವಾಹನವನ್ನು ನಿಲ್ಲಿಸುವ ವಿದ್ಯೆ ಹೊಸದೇನಲ್ಲ. ಅಮೆರಿಕದ ದೂರಪ್ರಯಾಣದ ಬಸ್ಸುಗಳಲ್ಲಿ 1950ರ ದಶಕದಲ್ಲೇ ಅದು ಬಳಕೆಗೆ ಬಂದಿತ್ತು. ನಮ್ಮ ಜನಕ್ಕೆ ಅದರ ಸುಖ ಗೊತ್ತಾದದ್ದು 2001ರಲ್ಲಿ ವೋಲ್ವೋ ಬಸ್ಸುಗಳು ಭಾರತಕ್ಕೆ ಬಂದ ಮೇಲೆ. ಐರಾವತದಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಹೋದವರಿಗೆ ಗುಂಡಿ ದಾಟಿದ್ದೇ ತಿಳಿಯದಿರುವುದಕ್ಕೆ ಒಂದು ಕಾರಣ ಈ ಚೀಲಗಳೇ. ಆದರೆ ಗಮನಿಸಿ: ಆ ಬಸ್ಸಿನ ಚಾಸಿ, ಆಕ್ಸಿಲ್, ಬ್ರೇಕು ಎಲ್ಲವನ್ನೂ ಕಂಪೆನಿ ಆ ಚೀಲಕ್ಕೆ ತಕ್ಕಂತೆಯೇ ಮಾಡಿರುತ್ತದೆ. ಪಿಕಪ್ಪಿಗೆ ಹೊರಗಿನಿಂದ ಹಾಕಿಸುವುದು ಸಹಾಯಕ ಚೀಲ. ಪ್ಲೇಟ್ ಸೆಟ್ ಇದ್ದ ಹಾಗೆಯೇ ಇರುತ್ತದೆ, ಅದಕ್ಕೊಂದು ಊರುಗೋಲು ಕೊಟ್ಟಂತೆ.

ಲೆಕ್ಕ ಸರಳ. ಚೀಲದ ಒಳಗಿನ ಒತ್ತಡವನ್ನು ಅದು ಒತ್ತುವ ವಿಸ್ತೀರ್ಣದಿಂದ ಗುಣಿಸಿದರೆ ಅದು ಎತ್ತುವ ತೂಕ ಸಿಗುತ್ತದೆ. ಉದಾಹರಣೆಗೆ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಪಂಕ್ಚರ್ ಅಂಗಡಿಯ ಗೇಜಿನಲ್ಲಿ 35 ತೋರಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕೆ.ಜಿ. ಒತ್ತಡ. ಒಂದು ಚೀಲ 250 ಕೆ.ಜಿ., ಎರಡು ಸೇರಿ 500 ಕೆ.ಜಿ. ಎತ್ತುತ್ತವೆ. ಗಾಳಿ ಹೆಚ್ಚಿಸಿದರೆ ಎತ್ತುವುದೂ ಹೆಚ್ಚುತ್ತದೆ. “ಐನೂರು ಕೆ.ಜಿ. ಜಾಸ್ತಿ ಹಾಕಬಹುದು” ಎಂಬ ಮಾತು ಹುಟ್ಟುವುದು ಇಲ್ಲಿಂದಲೇ.

ಹಿಂದಿನಿಂದ ನಮ್ಮಲ್ಲಿ ನಡೆದುಬಂದ ಪದ್ಧತಿ ಎಂದರೆ ಒಂದೆರಡು ಹೆಚ್ಚುವರಿ ಪ್ಲೇಟು ಸೇರಿಸುವುದು. ಅದರಲ್ಲಿ ಒಂದು ದೊಡ್ಡ ತೊಂದರೆ ಇದೆ. ಪ್ಲೇಟು ಸದಾ ಗಟ್ಟಿ. ಸರಕು ಇಳಿಸಿ ಖಾಲಿ ಬರುವಾಗ ಹಿಂದಿನ ಚಕ್ರ ಗುಂಡಿಯಿಂದ ಗುಂಡಿಗೆ ಹಾರುತ್ತದೆ. ಹಾರಿದ ಚಕ್ರಕ್ಕೆ ರಸ್ತೆಯ ಹಿಡಿತವಿಲ್ಲ, ಮಳೆಯಲ್ಲಂತೂ ಹಿಂಬದಿ ಜಾರುತ್ತದೆ. ಕುಲುಕಾಟದ ಪೆಟ್ಟೆಲ್ಲ ಚಾಸಿಗೆ ಬಿದ್ದು, ಪ್ಲೇಟಿನ ಬ್ರಾಕೆಟ್ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಶುರುವಾಗುತ್ತದೆ. ಗಾಳಿಚೀಲದ ಅನುಕೂಲ ಇಲ್ಲಿಯೇ. ಭಾರ ಇದ್ದಾಗ ತುಂಬಿಸಿ, ಇಳಿಸಿದ ಮೇಲೆ ಬಿಡಬಹುದು. ದಿನಕ್ಕೊಂದು ತೂಕದ ಸರಕು ಸಾಗಿಸುವ ರೈತನಿಗೆ ಪ್ಲೇಟಿಗಿಂತ ಇದು ಮೇಲು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಅದು ಅನುಮತಿಸಿದ ತೂಕದ ಒಳಗೆ ಮಾತ್ರ.

ನೊಗ ಬಲ್ಲವರಿಗೆ ಇದು ಗೊತ್ತು

ಎತ್ತಿನ ಗಾಡಿ ಹೂಡಿದ ಹಿರಿಯರನ್ನು ಕೇಳಿ ನೋಡಿ. ಗಾಡಿ ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ, ಕಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಆದ್ದರಿಂದ ಮೂಟೆಯನ್ನು ಅಚ್ಚಿನ ಮೇಲೆ, ಒಂದಿಷ್ಟು ಮುಂದಕ್ಕೆ ಬರುವಂತೆ ಜೋಡಿಸುತ್ತಿದ್ದರು. ಪಿಕಪ್ಪಿನಲ್ಲೂ ಅದೇ ನಿಯಮ. ಎತ್ತಿನ ಜಾಗದಲ್ಲಿ ಮುಂದಿನ ಚಕ್ರಗಳಿವೆ, ಅಷ್ಟೇ ವ್ಯತ್ಯಾಸ.

ಒಂದು ಲೆಕ್ಕ ಹಾಕೋಣ. ಮುಂದಿನ ಮತ್ತು ಹಿಂದಿನ ಆಕ್ಸಿಲಿನ ನಡುವೆ 3 ಮೀಟರ್ ಅಂತರವಿರುವ ಗಾಡಿ. ಹಿಂದಿನ ಆಕ್ಸಿಲಿನಿಂದ ಇನ್ನೂ 1 ಮೀಟರ್ ಹಿಂದಕ್ಕೆ, ಹಿಂಬಾಗಿಲಿನ ಬಳಿ, 300 ಕೆ.ಜಿ. ಹೇರಿದ್ದೀರಿ. ಹಿಂದಿನ ಆಕ್ಸಿಲಿನ ಮೇಲೆ ಬೀಳುವುದು 300 ಅಲ್ಲ, 400 ಕೆ.ಜಿ. ಆ ಹೆಚ್ಚಿನ 100 ಕೆ.ಜಿ. ಎಲ್ಲಿಂದ ಬಂತು? ಮುಂದಿನ ಚಕ್ರಗಳ ಮೇಲಿಂದ. ತಕ್ಕಡಿಯಂತೆ ಹಿಂದೆ ಒತ್ತಿದರೆ ಮುಂದೆ ಏಳುತ್ತದೆ. ಸ್ಟೇರಿಂಗಿನ ಹಿಡಿತ ಇರುವುದು ಮುಂದಿನ ಚಕ್ರದಲ್ಲಿ, ಬ್ರೇಕು ಹಾಕಿದಾಗ ಹೆಚ್ಚು ಕೆಲಸ ಮಾಡುವುದೂ ಮುಂದಿನ ಚಕ್ರವೇ. ಆ ಚಕ್ರಗಳು ಹಗುರವಾದರೆ ತಿರುವಿನಲ್ಲಿ ಸ್ಟೇರಿಂಗು ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗಲು ನೋಡುತ್ತದೆ.

ಈಗ ಚೀಲಕ್ಕೆ ಗಾಳಿ ತುಂಬಿಸಿ. ಹಿಂಬದಿ ಎದ್ದಿತು. ಹೆಡ್‌ಲೈಟು ಮರದ ತುದಿಗೆ ಬೀಳುವುದು ಬಿಟ್ಟು ರಸ್ತೆಗೆ ಬಿತ್ತು. ಇದು ನಿಜವಾದ ಉಪಕಾರ, ಎದುರಿನವರಿಗೂ ಉಪಕಾರ. ಆದರೆ ಮುಂದಿನ ಚಕ್ರದ ಮೇಲಿಂದ ಹೋದ 100 ಕೆ.ಜಿ. ವಾಪಸು ಬಂತೇ? ಇಲ್ಲ. ಸರಕು ಇದ್ದ ಜಾಗದಲ್ಲೇ ಇದೆ, ತಕ್ಕಡಿಯೂ ಹಾಗೆಯೇ ಇದೆ. ಕಣ್ಣಿಗೆ ಗಾಡಿ ನೆಟ್ಟಗೆ ಕಂಡಿತು, ಅಷ್ಟೇ. ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ ಎಂದು ಕೇಳಿಕೊಳ್ಳುತ್ತೇವೆ. ಆ 100 ಕೆ.ಜಿ.ಯನ್ನು ವಾಪಸು ತರುವ ದಾರಿ ಮೂಟೆಗಳನ್ನು ಎತ್ತಿ ಕ್ಯಾಬಿನ್ನಿನ ಕಡೆಗೆ ಸರಿಸುವುದೊಂದೇ. ಅದಕ್ಕೆ ಖರ್ಚೂ ಇಲ್ಲ.

ಈ ಸಹಾಯಕ ಚೀಲದ ಬಳಕೆ ಅಮೆರಿಕದಲ್ಲಿ ಹೆಚ್ಚು. ಅಲ್ಲಿನ ರೈತರು ಪಿಕಪ್ಪಿನ ಹಿಂದೆ ದನ ಸಾಗಿಸುವ ಟ್ರೈಲರ್ ಸಿಕ್ಕಿಸಿಕೊಂಡು ನೂರಾರು ಮೈಲಿ ಹೋಗುತ್ತಾರೆ. ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು ಎಂಬುದು ಅಲ್ಲಿನ ವಾಡಿಕೆಯ ನಿಯಮ. ಅದಕ್ಕಿಂತ ಕಡಿಮೆಯಾದರೆ ಟ್ರೈಲರ್ ಹಾವಿನಂತೆ ಅತ್ತಿತ್ತ ಬಾಲ ಬೀಸುತ್ತದೆ. 2,000 ಕೆ.ಜಿ. ಟ್ರೈಲರ್ ಆದರೆ ಕೊಂಡಿಯ ಮೇಲೆ 200ರಿಂದ 300 ಕೆ.ಜಿ. ಕೊಂಡಿ ಇರುವುದು ಹಿಂದಿನ ಆಕ್ಸಿಲಿಗಿಂತ ಒಂದು ಮೀಟರಿಗೂ ಹಿಂದೆ. ಅಂದರೆ ಮೇಲೆ ಹಾಕಿದ ಲೆಕ್ಕವೇ ಅಲ್ಲಿಯೂ. ಅದಕ್ಕಾಗಿ ಭಾರದಲ್ಲಿ ಒಂದು ಪಾಲನ್ನು ಉಕ್ಕಿನ ಸರಳುಗಳ ಮೂಲಕ ಮುಂದಿನ ಆಕ್ಸಿಲಿಗೆ ದಾಟಿಸುವ ಬೇರೊಂದು ಬಗೆಯ ಕೊಂಡಿಯನ್ನೂ ಅಲ್ಲಿ ಬಳಸುತ್ತಾರೆ. ಚೀಲದಿಂದ ಆಗದ ಕೆಲಸ ಅದು.

ಟ್ರಾಕ್ಟರಿಗೆ ಚೀಲ ಹಾಕಿಸಬಹುದೇ ಎಂದು ಕೇಳಿದವರೂ ಉಂಟು. ಟ್ರಾಕ್ಟರಿನ ಹಿಂದಿನ ಆಕ್ಸಿಲಿಗೆ ಸ್ಪ್ರಿಂಗೇ ಇರುವುದಿಲ್ಲ, ಚೀಲ ಕೂರಿಸಲು ಜಾಗವೂ ಇಲ್ಲ. ಕಬ್ಬಿನ ಟ್ರೈಲರ್ ಎಳೆಯುವಾಗ ಮೂತಿ ಏಳುತ್ತಿದ್ದರೆ ಟ್ರೈಲರಿನಲ್ಲಿ ಕಬ್ಬು ಹೆಚ್ಚಾಗಿದೆ ಅಥವಾ ತೀರಾ ಮುಂದಕ್ಕೆ ಹೇರಿ ಕೊಂಡಿಯ ಮೇಲೆ ಭಾರ ಬಿದ್ದಿದೆ ಎಂದರ್ಥ.

ಘಾಟಿಯಲ್ಲಿ ಆಗುವುದೇನು?

ಇಳಿಜಾರಿನಲ್ಲಿ ಮೂರು ವಿಷಯ ಮುಖ್ಯ. ಮೊದಲನೆಯದು ಬ್ರೇಕಿನ ಬಿಸಿ. 500 ಕೆ.ಜಿ. ಹೆಚ್ಚುವರಿ ಭಾರ ಹೊತ್ತ ಗಾಡಿ 500 ಮೀಟರ್ ಎತ್ತರ ಇಳಿದರೆ, ಆ ಹೆಚ್ಚುವರಿ ಭಾರವೊಂದರಿಂದಲೇ ಏಳು ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಹುಟ್ಟುತ್ತದೆ. ಗಾಡಿಯ ತೂಕದ, ಸರಿಯಾದ ಸರಕಿನ ಶಾಖ ಬೇರೆ. ಎಂಜಿನ್ ಹಿಡಿತದಲ್ಲಿ ಇಳಿಯದೆ ಬ್ರೇಕನ್ನೇ ನಂಬಿದರೆ ಇದರಲ್ಲಿ ಹೆಚ್ಚಿನ ಪಾಲು ಬ್ರೇಕಿನ ಡ್ರಮ್ಮು, ಲೈನರ್ ನುಂಗಬೇಕು. ಕಾದ ಲೈನರ್ ಹಿಡಿಯುವುದಿಲ್ಲ, ಕಾದ ಬ್ರೇಕ್ ಆಯಿಲ್ ಕುದಿದು ಒಳಗೆ ಗುಳ್ಳೆ ಎದ್ದರೆ ಪೆಡಲ್ಲು ಬೆಣ್ಣೆಯಂತೆ ಒಳಗೆ ಹೋಗುತ್ತದೆ. ಗಾಳಿಚೀಲ ಈ ಬಿಸಿಯನ್ನು ಒಂದು ಡಿಗ್ರಿಯೂ ಇಳಿಸಲಾರದು. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಡ್ರೈವರುಗಳ ಮಾತೇ ಸರಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರ ಬಗ್ಗೆ ನಾವು ಹೇಳುವುದೇನಿದೆ!

ಎರಡನೆಯದು ಗ್ಯಾರೇಜಿನವರಲ್ಲೂ ಎಲ್ಲರೂ ಗಮನಿಸದ ವಿಷಯ. ಹಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಿಲಿನಿಂದ ಚಾಸಿಗೆ ಒಂದು ಸಣ್ಣ ಕಡ್ಡಿಯೋ ಸ್ಪ್ರಿಂಗೋ ಹೋಗಿ ಒಂದು ವಾಲ್ವಿಗೆ ಸೇರಿರುತ್ತದೆ. ಗಾಡಿ ಎಷ್ಟು ಕುಗ್ಗಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂದು ಅದು ತೀರ್ಮಾನಿಸುತ್ತದೆ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡು ಜಾರಬಾರದೆಂದು ಕಡಿಮೆ, ಭಾರ ಹೇರಿ ಕುಗ್ಗಿದರೆ ಹೆಚ್ಚು. ಈಗ ಚೀಲಕ್ಕೆ ಗಾಳಿ ಹೊಡೆದು ಗಾಡಿಯನ್ನು ಖಾಲಿ ಇದ್ದಷ್ಟೇ ಎತ್ತರಕ್ಕೆ ಎತ್ತಿದರೆ ಆ ವಾಲ್ವು ಮೋಸಹೋಗುತ್ತದೆ. ಗಾಡಿ ಖಾಲಿ ಎಂದುಕೊಂಡು ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಕೊಡುತ್ತದೆ. ಭಾರ ತುಂಬಿದ ಗಾಡಿ, ಹಿಂದೆ ಅರ್ಧ ಬ್ರೇಕು, ಮುಂದೆ 27 ತಿರುವು! ನಿಮ್ಮ ಗಾಡಿಯಲ್ಲಿ ಆ ವಾಲ್ವು ಇದೆಯೇ ಎಂದು ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಮೊದಲು ಕೇಳಿ. ಇದ್ದರೆ, ಅವರು ಒಪ್ಪಿ ಸರಿಹೊಂದಿಸಿ ಕೊಡದ ಹೊರತು ಚೀಲದ ಮಾತು ಬಿಡಿ.

ಮೂರನೆಯದು ಗಾಳಿಯ ಪೈಪು. ಎರಡು ಚೀಲಗಳಿಗೂ ಒಂದೇ ವಾಲ್ವಿನಿಂದ ಕವಲು ಹಾಕಿ ಗಾಳಿ ಕೊಡುವುದು ಅಗ್ಗ. ಆದರೆ ತಿರುವಿನಲ್ಲಿ ಗಾಡಿ ಹೊರಮಗ್ಗುಲಿಗೆ ವಾಲಿದಾಗ ಆ ಕಡೆಯ ಚೀಲ ಅಮುಕಿಕೊಂಡು, ಗಾಳಿ ಪೈಪಿನ ಮೂಲಕ ಒಳಮಗ್ಗುಲಿನ ಚೀಲಕ್ಕೆ ಓಡುತ್ತದೆ. ಹೊರಗಿನ ಚೀಲ ಬಡವಾಯಿತು, ಒಳಗಿನದು ಉಬ್ಬಿತು. ವಾಲಿದ ಗಾಡಿ ಇನ್ನಷ್ಟು ವಾಲುತ್ತದೆ. ಎಡಕ್ಕೆ ಬೇರೆ, ಬಲಕ್ಕೆ ಬೇರೆ ಪೈಪು, ಬೇರೆ ವಾಲ್ವು ಇರಲೇಬೇಕು. ಇದಕ್ಕೆ ತಗಲುವ ಹೆಚ್ಚಿನ ಖರ್ಚಿನಲ್ಲಿ ಚೌಕಾಸಿ ಮಾಡಬೇಡಿ.

ಎಷ್ಟು ಹೇರಬಹುದು?

ಆರ್.ಸಿ. ಪುಸ್ತಕ ಅಥವಾ ಕಾರ್ಡು ತೆಗೆದು ನೋಡಿ. ಖಾಲಿ ತೂಕ, ಭಾರ ಸಹಿತ ಒಟ್ಟು ತೂಕ ಎರಡೂ ಅದರಲ್ಲಿದೆ. ಕಳೆದರೆ ಉಳಿಯುವುದೇ ನಿಮ್ಮ ಹಕ್ಕು. ಖಾಲಿ ತೂಕ 1,600, ಒಟ್ಟು 2,900 ಎಂದಿದ್ದರೆ ಉಳಿಯುವುದು 1,300 ಕೆ.ಜಿ. ಡ್ರೈವರು, ಜೊತೆಗೆ ಒಬ್ಬರು, ಹಗ್ಗ, ಟಾರ್ಪಾಲು ಎಂದು 150 ತೆಗೆಯಿರಿ. 1,150 ಉಳಿಯಿತು. 25 ಕೆ.ಜಿ. ಟೊಮೆಟೊ ತುಂಬಿದ ಕ್ರೇಟು ಪೆಟ್ಟಿಗೆಯ ತೂಕವೂ ಸೇರಿ 27 ಆದರೆ, 42 ಕ್ರೇಟು. ನಲವತ್ತಮೂರನೆಯದು ಹೆಚ್ಚು. ತಮಿಳಿನವರು ಕುಟ್ಟಿಯಾನೆ ಎಂದು ಕರೆಯುವ ಟಾಟಾ ಏಸ್ 2005ರಲ್ಲಿ ಬಂದಾಗ ಅದರ ಹೊರೆ ಮುಕ್ಕಾಲು ಟನ್ನು. ಅದು ಹೆಸರಿಗೆ ಆನೆ, ಹೇರುವಾಗ ಮರಿ ಎಂಬುದೇ ನೆನಪಿರಲಿ.

ಟೈರನ್ನೂ ಓದಿ. ಅಳತೆಯ ಪಕ್ಕದಲ್ಲಿ 100, 104, 108 ಎಂಬಂಥ ಒಂದು ಸಂಖ್ಯೆ ಅಚ್ಚಾಗಿರುತ್ತದೆ. 100 ಎಂದರೆ ಆ ಟೈರು 800 ಕೆ.ಜಿ. ಹೊರಬಲ್ಲದು, 104 ಎಂದರೆ 900, 108 ಎಂದರೆ 1,000, 112 ಎಂದರೆ 1,120. ಹಿಂದೆ 108ರ ಎರಡು ಟೈರು ಇದ್ದರೆ ಹಿಂದಿನ ಆಕ್ಸಿಲಿನ ಮೇಲೆ ಗಾಡಿಯ ತೂಕವೂ ಸೇರಿ 2,000 ಕೆ.ಜಿ.ಗೆ ಮುಗಿಯಿತು. ಚೀಲ ಎಷ್ಟೇ ಎತ್ತಲಿ, ಅದು ಎತ್ತಿದ್ದನ್ನೆಲ್ಲ ಕೊನೆಗೆ ಹೊರುವುದು ಆಕ್ಸಿಲು, ಬೇರಿಂಗು ಮತ್ತು ಈ ಟೈರು. ಬೇಸಿಗೆಯಲ್ಲಿ ಬಯಲು ಸೀಮೆಯ ರಸ್ತೆಯಲ್ಲಿ ಟೈರು ಸಿಡಿಯುವುದಕ್ಕೆ ಅತಿಭಾರ ಮತ್ತು ಕಡಿಮೆ ಗಾಳಿ ಸೇರಿ ಹುಟ್ಟುವ ಶಾಖವೇ ದೊಡ್ಡ ಕಾರಣ.

ಕೋಸಿನ ಮೂಟೆಯ ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ. ಮಳೆಯಲ್ಲಿ ಕೊಯ್ದ ಕೋಸು, ನೆನೆದ ಗೋಣಿ, ಮಣ್ಣು ಮೆತ್ತಿದ ಆಲೂಗಡ್ಡೆ ಅಂದಾಜನ್ನು ತಪ್ಪಿಸುತ್ತವೆ. ತುಂಬಿದ ಗಾಡಿಯನ್ನು ಒಂದೇ ಒಂದು ಸಲ ವೇಬ್ರಿಡ್ಜಿನಲ್ಲಿ ನಿಲ್ಲಿಸಿ, ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ. ಆ ಎರಡು ಸಂಖ್ಯೆ ಗೊತ್ತಾದರೆ ವರ್ಷವಿಡೀ ಪ್ರಯೋಜನಕ್ಕೆ ಬರುತ್ತದೆ.

ಹಾಕಿಸುವುದೇ ಆದರೆ

ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರದ ನೇರಕ್ಕೆ ಬಾಡಿಯಿಂದ ನೆಲಕ್ಕೆ ಎಷ್ಟಿದೆ ಎಂದು ಟೇಪಿನಲ್ಲಿ ಅಳೆದು ಬರೆದಿಡಿ. ಮಾಮೂಲಿ ಭಾರ ಹೇರಿ ಮತ್ತೆ ಅಳೆಯಿರಿ. 90 ಸೆಂಟಿಮೀಟರ್ ಇದ್ದದ್ದು 80ಕ್ಕೆ ಇಳಿದಿದ್ದರೆ, ಗಾಳಿ ತುಂಬಿ 85 ಆಗುವಲ್ಲಿಗೆ ನಿಲ್ಲಿಸಿ. 90ಕ್ಕೆ ತರುವ ಹಟ ಬೇಡ. ಭಾರಕ್ಕೆ ಸ್ವಲ್ಪ ಕುಗ್ಗುವಂತೆಯೇ ಕಂಪೆನಿ ಗಾಡಿಯನ್ನು ಮಾಡಿರುತ್ತದೆ. ಗಾಡಿ ಖಾಲಿಯಾದಾಗ ಗಾಳಿ ಬಿಟ್ಟರೂ ಪೂರ್ತಿ ಬಿಡಬಾರದು. ತಯಾರಕರು ಹೇಳಿದ ಕನಿಷ್ಠ ಗಾಳಿ ಇರಲೇಬೇಕು, ಸಾಮಾನ್ಯವಾಗಿ ಗೇಜಿನಲ್ಲಿ 5ರ ಆಸುಪಾಸು. ಇಲ್ಲದಿದ್ದರೆ ರಬ್ಬರು ಮಡಿಚಿಕೊಂಡು ತನ್ನನ್ನು ತಾನೇ ಕಡಿದುಕೊಳ್ಳುತ್ತದೆ.

ಸೈಲೆನ್ಸರಿನ ಪೈಪಿಗೂ ಚೀಲಕ್ಕೂ ಒಂದು ಗೇಣು ಅಂತರವಿರಲಿ, ಇಲ್ಲದಿದ್ದರೆ ನಡುವೆ ತಗಡಿನ ಮರೆ ಬೇಕು. ಉಬ್ಬಿದ ಚೀಲ ಬ್ರೇಕ್ ಪೈಪಿಗೆ, ಟೈರಿಗೆ, ಚಾಸಿಯ ಅಂಚಿಗೆ ತಾಗುತ್ತಿಲ್ಲವೆಂದು ಕೈಬೆರಳು ಆಡಿಸಿ ನೋಡಿಕೊಳ್ಳಿ. ಬ್ರಾಕೆಟ್ ಕೂರಿಸಲು ಚಾಸಿಗೆ ತೂತು ಕೊರೆಯುವುದು, ವೆಲ್ಡಿಂಗ್ ಮಾಡುವುದು ಬೇಡ. ಬಿರುಕು ಹುಟ್ಟುವುದೇ ಅಲ್ಲಿಂದ. ವಾರಕ್ಕೊಮ್ಮೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ನೋಡಿ. ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವವರ ಮನೆಯಲ್ಲಿ ಇಲಿ ಪೈಪು ಕಡಿಯುವುದೂ ಉಂಟು. ಚೀಲದ ಬಲದ ಮೇಲೆ ಎದ್ದು ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಗಾಳಿ ಹೋದರೆ ಅದು ಕೇಳಿ ಹೋಗುವುದಿಲ್ಲ.

ಇದರಲ್ಲಿಯೇ ಇನ್ನೊಂದು ಪರೀಕ್ಷೆ ಅಡಗಿದೆ. ಹಾದಿಯಲ್ಲಿ ಒಂದು ಚೀಲ ಒಡೆಯಿತು ಎಂದಿಟ್ಟುಕೊಳ್ಳಿ. ಇಡೀ ಭಾರ ಆ ಮಗ್ಗುಲಿನ ಪ್ಲೇಟಿನ ಮೇಲೆ ಕುಸಿಯುತ್ತದೆ. ಎರಡೂ ಚೀಲದಲ್ಲಿ ಗಾಳಿ ಇಲ್ಲದಿದ್ದರೂ ಪ್ಲೇಟು ತಳಕ್ಕೆ ಬಡಿಯದೆ ನಿಧಾನವಾಗಿ ಮನೆ ಸೇರಿಸುವಷ್ಟೇ ಭಾರ ಗಾಡಿಯಲ್ಲಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ನಿಮ್ಮ ಸರಕು ರಬ್ಬರಿನ ಒಂದು ಹೊಲಿಗೆಯ ಮೇಲೆ ನಿಂತಿದೆ.

ಕಾನೂನಿನ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಎಂದಿದೆ. ಅತಿಭಾರಕ್ಕೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000. ಆದ್ದರಿಂದ ಹಾಕಿಸುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇನ್ಸೂರೆನ್ಸಿನವರಿಗೂ ತಿಳಿಸಿ. ಅಪಘಾತವಾದ ಮೇಲೆ ಅವರು ಮೊದಲು ಹುಡುಕುವುದು ಇಂಥದ್ದನ್ನೇ.

ಬೆನ್ನು, ಸೊಂಟ ಮತ್ತು ಸರಕು

ಆರೋಗ್ಯದ ಮಾತು ಬಾರದೆ ಈ ಅಂಕಣ ಮುಗಿಯಬಾರದಲ್ಲ. ಕುಳಿತ ಮನುಷ್ಯನ ದೇಹಕ್ಕೆ ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಆಗುವ ಕುಲುಕಾಟ ಹೆಚ್ಚು ತಾಗುತ್ತದೆ. ಟ್ರಾಕ್ಟರು, ಲಾರಿ, ಪಿಕಪ್ಪುಗಳ ಕುಲುಕಾಟದಲ್ಲಿ ಇದೂ ಸೇರಿರುತ್ತದೆ. ವರ್ಷಗಟ್ಟಲೆ ಹೀಗೆ ಕುಲುಕಿಸಿಕೊಂಡವರಲ್ಲಿ ಸೊಂಟನೋವು ಹೆಚ್ಚು ಎಂಬುದು ಚೆನ್ನಾಗಿ ಸಾಬೀತಾಗಿರುವ ವಿಷಯ. ಹಿಂದಿನ ಆಕ್ಸಿಲಿನ ಚೀಲದಿಂದ ಕ್ಯಾಬಿನ್ನಿನಲ್ಲಿ ಕುಳಿತವರ ಸೊಂಟಕ್ಕೆ ಅಷ್ಟೇನೂ ಲಾಭವಿಲ್ಲ. ಖಾಲಿ ಗಾಡಿಯಲ್ಲಿ ಗಾಳಿ ಬಿಡದೆ ಬಂದರೆ ನಷ್ಟವೇ. ಬೆನ್ನಿಗೆ ನಿಜವಾಗಿ ಸಹಾಯ ಮಾಡುವುದು ತಗ್ಗಿರದ ಸೀಟು, ಬೆನ್ನ ಹಿಂದೆ ಮಡಚಿಟ್ಟ ಒಂದು ಟವೆಲು, ಕೆಟ್ಟ ರಸ್ತೆಯಲ್ಲಿ ನಿಧಾನ, ಗಂಟೆ ಒಂದೂವರೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ. ಇನ್ನೊಂದು, ದೂರ ಬಂದು ಇಳಿದ ಕೂಡಲೇ ಮೂಟೆಗೆ ಹೆಗಲು ಕೊಡಬೇಡಿ. ಕುಲುಕಿದ ಬೆನ್ನು ಆಗ ದಣಿದಿರುತ್ತದೆ. ಹತ್ತು ನಿಮಿಷ ಓಡಾಡಿ ಆಮೇಲೆ ಇಳಿಸಿ.

ಮೂಟೆಗಳ ಮೇಲೆ ಕೂಲಿಯಾಳುಗಳನ್ನು ಕೂರಿಸುವ ಪದ್ಧತಿ ಇನ್ನೂ ನಿಂತಿಲ್ಲ. ಇದು ಕಾನೂನಿಗೆ ವಿರೋಧ ಎಂಬುದು ಒಂದು ಕಡೆ. ಎಂಟು ಜನ ಎಂದರೆ 400 ಕೆ.ಜಿ.ಗೂ ಮೇಲೆ, ಅದೂ ಸರಕಿನ ತುತ್ತತುದಿಯಲ್ಲಿ. ತಿರುವಿನಲ್ಲಿ ಗಾಡಿ ಮಗುಚಲು ಅದಕ್ಕಿಂತ ಹೆಚ್ಚೇನೂ ಬೇಡ. ಚೀಲ ಹಾಕಿಸಿದ ಗಾಡಿ ಗಟ್ಟಿಯಾಗಿ ನಿಂತಂತೆ ಕಾಣುವುದರಿಂದ “ಇನ್ನಿಬ್ಬರು ಹತ್ತಲಿ ಬಿಡಿ” ಎನ್ನುವ ಧೈರ್ಯ ಬರುತ್ತದೆ, ನಮಗೆ ಅದೇ ಭಯ. ಬಸುರಿ ಹೆಂಗಸರನ್ನು ಹಾಗೆ ಕರೆದೊಯ್ಯುವುದನ್ನಂತೂ ಮನೆಯ ಹಿರಿಯರು ತಡೆಯಬೇಕು.

ಕುಲುಕಾಟ ತರಕಾರಿಗೂ ಒಳ್ಳೆಯದಲ್ಲ. ಗಾಡಿಯಲ್ಲಿ ಹೆಚ್ಚು ಕುಲುಕುವುದು ಹಿಂಬದಿ, ಅದರಲ್ಲೂ ಅಟ್ಟಿಯ ಮೇಲಿನ ಸಾಲು. ಹಣ್ಣಾದ ಟೊಮೆಟೊ ಕ್ಯಾಬಿನ್ನಿನ ಕಡೆಗೆ ಕೆಳಸಾಲಿನಲ್ಲಿ, ದೋರೆಗಾಯಿ ಹಿಂದೆ ಇಡಿ. ಕ್ರೇಟಿನೊಳಗೆ ಹಣ್ಣು ಹೊರಳದಂತೆ, ಆದರೆ ಕ್ರೇಟಿನ ಅಂಚಿಗಿಂತ ಮೇಲೆ ಬಾರದಂತೆ ತುಂಬಿ. ಬಾಳೆಗೊನೆಯ ನಡುವೆ ಒಣ ತರಗು ತುರುಕುವ ಹಳೆಯ ಕ್ರಮಕ್ಕೆ ಸಾಟಿಯಿಲ್ಲ. ಮಂಡಿಯಲ್ಲಿ ಬೆಲೆ ಕಡಿಯುವುದು ಜಜ್ಜಿದ ಹಣ್ಣಿಗೆ. ತೂಕ ಮೀರಿ ಹೇರಿದ ಹತ್ತು ಕ್ರೇಟಿನಿಂದ ಬಂದ ಹಣ ಹಲವು ಸಲ ಅಲ್ಲಿಯೇ ಹೋಗಿರುತ್ತದೆ.

ದಿಂಬಂ ತಲುಪಿದ ಮೇಲೆ, ಇಳಿಯುವ ಮುನ್ನ, ಒಮ್ಮೆ ನಿಲ್ಲಿಸಿ. ಎರಡೂ ಚೀಲದ ಗಾಳಿ, ಟೈರು, ಹಗ್ಗದ ಬಿಗಿ ನೋಡಿ, ಬ್ರೇಕು ಒತ್ತಿ ಪೆಡಲ್ಲು ಗಟ್ಟಿಯಿದೆಯೇ ತಿಳಿದುಕೊಳ್ಳಿ. ನಡುವೆ ಆನೆಗಳ ಕಾಟವಿರುವುದರಿಂದ ಇಳಿದು ನೋಡಲು ಅವಕಾಶವಿಲ್ಲ. ಬಣ್ಣಾರಿ ತಲುಪಿದ ಕೂಡಲೇ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಉಳಿದವುಗಳಿಗಿಂತ ಹೆಚ್ಚು ಬಿಸಿ ಇದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ ತಾನಾಗಿ ಆರಲು ಬಿಡಿ. ಬೇಗ ಆರಲೆಂದು ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಎರಕದ ಕಬ್ಬಿಣ ಬಿರಿಯುತ್ತದೆ.